ಬೋಳಾದ ಮೂರು ಮುಖ

ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತುವವರು ತ್ಯಾಗದ ಬ್ರಹ್ಮದೇವರ ಕಂಬದ ಹತ್ತಿರ ಒಂದು ಗಳಿಗೆ ನಿಲ್ಲುತ್ತಾರೆ. ಕಂಬ ನೆಲಕ್ಕೆ ತಾಗಿಲ್ಲ, ಅಡಿಯಲ್ಲಿ ಕರವಸ್ತ್ರ ತೂರಿಸಬಹುದು ಎಂಬ ಮಾತು ಊರಿನಲ್ಲಿದೆ. ಅದನ್ನು ಬಗ್ಗಿ ನೋಡಿ ಮುಂದೆ ಹೋಗುತ್ತಾರೆ. ನಾನು ಮಾತ್ರ ನನ್ನ ವಿದ್ಯಾರ್ಥಿಗಳನ್ನು ಅದರ ಸುತ್ತ ಒಂದು ಸುತ್ತು ಹಾಕಿಸುತ್ತಿದ್ದೆ. ಚನ್ನರಾಯಪಟ್ಟಣದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ದಿನಗಳವು. ಅರಕಲಗೂಡು, ಹೊಳೆನರಸೀಪುರದ ಕಡೆಯ ಮಕ್ಕಳೂ ಇರುತ್ತಿದ್ದರು.

ಪಾಠಕ್ಕಿದ್ದದ್ದು ಆಸ್ಕರ್ ವೈಲ್ಡ್ ಬರೆದ ಡೋರಿಯನ್ ಗ್ರೇಯ ಕಾದಂಬರಿ. 1890ರಲ್ಲಿ ಪತ್ರಿಕೆಯೊಂದರಲ್ಲಿ ಬಂದು, ಮರುವರ್ಷ ಪುಸ್ತಕವಾಯಿತು. ತನ್ನ ಚೆಲುವಿಗೆ ತಾನೇ ಮರುಳಾದ ಹುಡುಗ. ಅವನು ಮಾಡಿದ ಪಾಪವೆಲ್ಲ ಬೀಗ ಹಾಕಿದ ಕೋಣೆಯಲ್ಲಿರುವ ಅವನ ಚಿತ್ರಪಟಕ್ಕೆ ಹತ್ತುತ್ತದೆ, ಮುಖ ಮಾತ್ರ ಹೂವಿನ ಹಾಗೇ ಇರುತ್ತದೆ. ಲಂಡನ್ನಿನ ಆ ಕೋಣೆ ನಮ್ಮ ಮಕ್ಕಳಿಗೆ ದೂರ. ಬೆಟ್ಟ ಹತ್ತಿರ. ಹಾಗಾಗಿ ಎರಡು ಬಾಳಿನ ಮಾತನ್ನು ಈ ಕಂಬದಿಂದಲೇ ಶುರುಮಾಡುತ್ತಿದ್ದೆ.

ಕಂಬ ಚಾವುಂಡರಾಯನದು. ಗಂಗರ ರಾಚಮಲ್ಲನ ಮಂತ್ರಿ, ಸೇನಾಪತಿ. 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣ ಬರೆದವನು. ಕೆಲವೇ ವರ್ಷಗಳಲ್ಲಿ 58 ಅಡಿಯ ಗೊಮ್ಮಟನನ್ನು ನಿಲ್ಲಿಸಿದವನು. ಅವನ ಬಿರುದುಗಳನ್ನು ಒಟ್ಟಿಗೆ ಓದಿದರೆ ಎದೆ ಭಾರವಾಗುತ್ತದೆ. ಒಂದು ಕಡೆ ಸಮರಪರಶುರಾಮ, ರಣರಂಗಸಿಂಗ. ಇನ್ನೊಂದು ಕಡೆ ಸಮ್ಯಕ್ತ್ವರತ್ನಾಕರ, ಸತ್ಯಯುಧಿಷ್ಠಿರ. ರಣದಲ್ಲಿ ತಲೆ ಕಡಿದ ಕೈಯೇ ಅಹಿಂಸೆಯ ಧರ್ಮಕ್ಕೆ ಬೆಟ್ಟದಂಥ ಮೂರ್ತಿ ಮಾಡಿಸಿತು. ಈ ಎರಡು ಬಾಳನ್ನು ಅವನು ಯಾರಿಂದಲೂ ಮುಚ್ಚಿಡಲಿಲ್ಲ. ಯುದ್ಧಗಳ ಹೊಗಳಿಕೆಯನ್ನೂ ಇದೇ ಕಂಬದ ಮೇಲೆ ಕೆತ್ತಿಸಿದ.

ಆ ಬರಹದಲ್ಲಿ ಉತ್ತರದ ಮುಖದ್ದು ಮಾತ್ರ ಉಳಿದಿದೆ. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣ ಎಂಬವನು ಈ ಕಂಬಕ್ಕೆ ಯಕ್ಷನ ಮೂರ್ತಿಯೊಂದನ್ನು ಮಾಡಿಸಿದ. ಆ ಸೇವೆಯನ್ನು ಹೇಳುವ ಎರಡೂವರೆ ಸಾಲಿಗಾಗಿ ಉಳಿದ ಮೂರು ಮುಖಗಳ ಶಾಸನವನ್ನೇ ಅಳಿಸಿಹಾಕಿಸಿದ ಎಂದು ಶ್ರವಣಬೆಳಗೊಳದ ಶಾಸನಗಳನ್ನು ಸಂಪಾದಿಸಿದ ಆರ್. ನರಸಿಂಹಾಚಾರ್ಯರು ಕಂಡುಕೊಂಡರು. ಗೊಮ್ಮಟ ನಿಂತ ಕಾಲ, ಕೆಲಸದ ವಿವರ ಅಲ್ಲೇ ಇದ್ದಿರಬೇಕು. ಮೂರ್ತಿ ನಿಂತ ವರ್ಷದ ಬಗ್ಗೆ ವಿದ್ವಾಂಸರು ಇಂದಿಗೂ ವಾದಿಸುತ್ತಿದ್ದಾರೆ. ಕಲ್ಲು ಹೊತ್ತವರು, ಉಳಿ ಹಿಡಿದವರು, ಯಾರ ಹೆಸರಾದರೂ ಅಳಿಸಿದ ಆ ಸಾಲುಗಳಲ್ಲಿತ್ತೇನೋ ಎಂದುಕೊಂಡಾಗಲೆಲ್ಲ ನನಗೆ ಕಣ್ಣನ ಮೇಲೆ ಸಿಟ್ಟು ಬರುತ್ತದೆ. ಈ ಸಿಟ್ಟನ್ನು ನಾನು ಬಿಡುವವನಲ್ಲ.

ಇಷ್ಟು ಹೇಳುವಷ್ಟರಲ್ಲಿ ಅರಕಲಗೂಡಿನ ಕಡೆಯ ಹುಡುಗಿಯರು ಗುಳ್ಳಕಾಯಜ್ಜಿಯ ಕಥೆ ಶುರುಮಾಡುತ್ತಿದ್ದರು. ಮನೆಯಲ್ಲಿ ಅಜ್ಜಿಯರ ಬಾಯಲ್ಲಿ ಕೇಳಿದ್ದು. ನನ್ನಂಥವನೇ ಇಲ್ಲ ಎಂದು ಬೀಗಿ ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದ. ಹಾಲು ಗೊಮ್ಮಟನ ತೊಡೆಯಿಂದ ಕೆಳಗಿಳಿಯಲಿಲ್ಲ. ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ತೊಟ್ಟು ಹಾಲು ಪಾದ ಮುಟ್ಟಿ ಬೆಟ್ಟದ ಕೆಳಗೂ ಹರಿಯಿತು. ಅಜ್ಜಿಯಾಗಿ ಬಂದವಳು ಕೂಷ್ಮಾಂಡಿನಿ ದೇವಿ ಎನ್ನುತ್ತಾರೆ.

ಇದು ಚರಿತ್ರೆಯಲ್ಲ, ಸ್ಥಳಪುರಾಣ. ಆದರೆ ಸಾವಿರ ವರ್ಷಕ್ಕೂ ಹಳೆಯದಾದ ಈ ಕ್ಷೇತ್ರ ತನ್ನ ಮಹಾದಾನಿಯ ಸೊಕ್ಕನ್ನು ಕಥೆಯಲ್ಲಿ ಉಳಿಸಿಕೊಂಡು ಬಂದದ್ದು ಚರಿತ್ರೆಯೇ. ಡೋರಿಯನ್ ತನ್ನ ಪಾಪದ ಪಟಕ್ಕೆ ಬೀಗ ಹಾಕಿದ. ಇಲ್ಲಿ ಗುಳ್ಳಕಾಯಜ್ಜಿ ಸುತ್ತಾಲಯದ ಬಾಗಿಲ ಹೊರಗೆ, ಗೊಮ್ಮಟನಿಗೆ ಎದುರಾಗಿ, ಕೈಯಲ್ಲಿ ಕಾಯಿ ಹಿಡಿದು ನಿಂತಿದ್ದಾಳೆ. ಆ ವಿಗ್ರಹ ಮಾಡಿಸಿದವನೂ ಚಾವುಂಡರಾಯನೇ ಎಂದು ಅಲ್ಲಿನ ಹಿರಿಯರು ಹೇಳುತ್ತಾರೆ.