ಬೆಳಗಾವಿ ಸೀಮೆಯ ಕ್ರೈಸ್ತ ಸಭೆಗಳಲ್ಲಿ ದಶಮಾಂಶ ಮತ್ತು ಕಾಣಿಕೆ

ಹಳೆಯ ಒಡಂಬಡಿಕೆಯ ದಶಮಾಂಶ ಮೂಲತಃ ಹೊಲದ ಬೆಳೆ ಮತ್ತು ದನಕುರಿಗಳ ಹತ್ತನೆಯ ಪಾಲು. ಅದು ಭೂಮಿಯಲ್ಲಿ ಪಾಲಿಲ್ಲದ ಲೇವಿಯರಿಗೆ ಸಲ್ಲುತ್ತಿತ್ತು; ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದಂತೆ ಮೂರು ವರ್ಷಕ್ಕೊಮ್ಮೆ ಪರದೇಶಿ, ಅನಾಥ, ವಿಧವೆಯರಿಗೂ ಸೇರುತ್ತಿತ್ತು. ಪೌಲನು ಕೊರಿಂಥದ ಸಭೆಗೆ ಬರೆಯುವಾಗ ಹತ್ತನೆಯ ಪಾಲಿನ ಮಾತೆತ್ತಲಿಲ್ಲ. ವಾರದ ಮೊದಲ ದಿನ ಅವರವರ ಸಂಪಾದನೆಗೆ ತಕ್ಕಷ್ಟು ತೆಗೆದಿಡಲು ಹೇಳಿದ. ಯುರೋಪಿನಲ್ಲಿ 585ರ ಮಾಕೋನ್ ಧರ್ಮಸಭೆ ದಶಮಾಂಶವನ್ನು ಕಡ್ಡಾಯಗೊಳಿಸಿತು, ಮುಂದೆ ಅರಸರ ಬಲದಿಂದ ಅದು ತೆರಿಗೆಯೇ ಆಯಿತು. ಕರ್ನಾಟಕಕ್ಕೆ ಬಂದ ಪ್ರೊಟೆಸ್ಟಂಟ್ ಮಿಶನ್‌ಗಳ ಬೆನ್ನಿಗಿದ್ದುದು ಈ ತೆರಿಗೆಯಲ್ಲ, ಸಾಮಾನ್ಯರ ಚಿಲ್ಲರೆ ಚಂದಾ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಇದಕ್ಕೆ ಸ್ಪಷ್ಟ ನಿದರ್ಶನ. 1855ರಲ್ಲಿ ಕಾರ್ಲ್ ಸರಾಸಿನ್ ಆರಂಭಿಸಿದ ವಂತಿಗೆಯಲ್ಲಿ ಪ್ರತಿ ಚಂದಾದಾರ ವಾರಕ್ಕೆ ಅರ್ಧ ಬಾಟ್ಸೆನ್ (ಅಲ್ಲಿಯ ಚಿಲ್ಲರೆ ನಾಣ್ಯ) ಕೊಡುತ್ತಿದ್ದ. ಧಾರವಾಡ (1837), ಹುಬ್ಬಳ್ಳಿ (1839), ಬೆಟಗೇರಿ (1841) ಮೊದಲಾದ ಕೇಂದ್ರಗಳನ್ನು ನಡೆಸಿದ್ದರಲ್ಲಿ ಇಂಥ ಬಡ ಮನೆಗಳ ದುಡ್ಡಿನ ಪಾಲು ದೊಡ್ಡದು. ಮಂಗಳೂರಿನಲ್ಲಿ ನೇಯ್ಗೆ, 1865ರಿಂದ ಹೆಂಚಿನ ಕಾರ್ಖಾನೆ ಕ್ರೈಸ್ತರಿಗೆ ಕೂಲಿ ಒದಗಿಸಿದವು. ಕೂಲಿ ಕ್ರಮವಾಗಿ ಬರುವಲ್ಲಿ ವಂತಿಗೆಯೂ ಕ್ರಮವಾಗಿ ಬರಬಲ್ಲದು.

ಬೆಳಗಾವಿಯ ಹಾದಿ ಬೇರೆ. ಲಂಡನ್ ಮಿಶನರಿ ಸೊಸೈಟಿಯ ಜೋಸೆಫ್ ಟೇಲರ್ 1820ರಲ್ಲಿ ಅಲ್ಲಿ ಕೇಂದ್ರ ತೆರೆದರು. 1904ರಲ್ಲಿ ಈ ಕೆಲಸ ಅಮೆರಿಕದ ಮೆಥೊಡಿಸ್ಟರ ಕೈಗೆ ಬಂತು. ಅವರ ಪರಂಪರೆಗೆ ಚಿಕ್ಕ ಕಾಣಿಕೆ ಹೊಸದಲ್ಲ: 1742ರಲ್ಲಿ ಬ್ರಿಸ್ಟಲ್‌ನ ಕಟ್ಟಡದ ಸಾಲ ತೀರಿಸಲು ವಾರಕ್ಕೊಂದು ಪೆನ್ನಿ ಸಂಗ್ರಹಿಸಿದ್ದರಿಂದಲೇ ಮೆಥೊಡಿಸ್ಟ್ ಪಂಥದ ಮೂಲಪುರುಷ ವೆಸ್ಲಿಯವರ ‘ಕ್ಲಾಸ್’ ಎಂಬ ಚಿಕ್ಕ ಗುಂಪುಗಳ ವ್ಯವಸ್ಥೆ ಹುಟ್ಟಿತು. ಹಣ ಕೂಡಿಸಲು ಮನೆಮನೆಗೆ ಹೋದವರು ಅಲ್ಲಿಯ ಕಷ್ಟಸುಖ ವಿಚಾರಿಸುವವರೂ ಆದರು. ಸಭೆ ಬೆಳೆದದ್ದರಲ್ಲಿ ಆ ಪೆನ್ನಿಗಿಂತ ಈ ಭೇಟಿಯ ಪಾಲೇ ಹೆಚ್ಚು.

ಆದರೆ ದಡ್ಡಿ, ಹುಕ್ಕೇರಿ, ಗೋಕಾಕಗಳ ಘಟಪ್ರಭಾ ಸೀಮೆಯಂಥ ಒಕ್ಕಲುತನದ ನಾಡಿನಲ್ಲಿ ವಾರದ ನಾಣ್ಯ ನಡೆಯುವುದು ಕಷ್ಟವಾಗಿತ್ತು. ಹೊಲದಲ್ಲಿ ದುಡಿಯುವವರ ಕೈಗೆ ದುಡ್ಡು ಬರುವುದು ಅಪರೂಪವಾಗಿತ್ತು, ಕಾಳು ಸಿಗುತ್ತಿದ್ದುದು ಸುಗ್ಗಿಯಲ್ಲಿ. ಕಣದಲ್ಲಿ ರಾಶಿಯಾದ ಮೇಲೆ ಊರಿನ ಸೇವೆ ಮಾಡುವ ಆಯಗಾರರಿಗೆ ಆಯ, ಅಂದರೆ ಕಾಳಿನ ಪಾಲು, ಅಳೆದುಕೊಡುವ ಪದ್ಧತಿ ಇಲ್ಲಿ ಹಳೆಯದು, ದಲಿತ ಮನೆತನಗಳು ಅದರಿಂದ ಪಾಲು ಪಡೆದವು. ಆಯ ಪಡೆಯುತ್ತಿದ್ದವರೇ ಕ್ರೈಸ್ತರಾದ ಕಡೆ ಸ್ಥಾನ ಬದಲಾಯಿತು: ಈಗ ಕೊಡುವವರು ಅವರು. ಕರ್ನಾಟಕದ ಅನೇಕ ಸಭೆಗಳಲ್ಲಿ ಇಂದಿಗೂ ಸುಗ್ಗಿ ಹಬ್ಬದಂದು ಜೋಳ, ಕಾಯಿಪಲ್ಲೆ, ಕೋಳಿ ತಂದು ಅರ್ಪಿಸಿ, ಅವನ್ನೇ ಹರಾಜು ಹಾಕಿ ಬಂದ ಹಣವನ್ನು ಸಭೆಗೆ ಸೇರಿಸುತ್ತಾರೆ. ಹಳೆಯ ಒಡಂಬಡಿಕೆಯ ದಶಮಾಂಶಕ್ಕೆ ಅತಿ ಹತ್ತಿರದ ರೂಪ ಇದೇ.

ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಮೊದಲ ಮಹಾಯುದ್ಧ ಸ್ಥಳೀಯ ಕಾಣಿಕೆಗಳನ್ನು ಅನಿವಾರ್ಯವಾಗಿಸಿತು. ಬಾಸೆಲ್ ಮಿಶನರಿಗಳು ಬಂಧನಕ್ಕೊಳಗಾಗಿ ದೇಶ ಬಿಡಬೇಕಾಯಿತು, ಕಾರ್ಖಾನೆಗಳು ಸರ್ಕಾರದ ವಶವಾದವು. ಭಾರತೀಯರ ಹಣದಿಂದಲೇ ನಡೆಯಲೆಂದು 1905ರಲ್ಲಿ ಸೆರಾಂಪುರದಲ್ಲಿ ಹುಟ್ಟಿದ ನ್ಯಾಷನಲ್ ಮಿಶನರಿ ಸೊಸೈಟಿಯ ವಿಚಾರಕ್ಕೆ ಆಗ ಹೊಸ ತೂಕ ಬಂತು. ಮೆಥೊಡಿಸ್ಟ್ ಸಭೆ ಭಾರತದಲ್ಲಿ ಸ್ವಾಯತ್ತವಾದದ್ದು 1981ರಲ್ಲಿ. ವಿದೇಶಿ ದೇಣಿಗೆಯ ಕಾನೂನು 2010 ಮತ್ತು 2020ರಲ್ಲಿ ಬಿಗಿಯಾದ ಮೇಲೆ ಸ್ಥಳೀಯ ಕಾಣಿಕೆಯ ಭಾರ ಇನ್ನೂ ಹೆಚ್ಚಿತು.

ದಶಮಾಂಶ ಕೊಟ್ಟರೆ ಸಭೆ ಬೆಳೆಯುತ್ತದೆ ಎಂದು ಬೋಧಿಸುವುದುಂಟು. ಈ ಸೀಮೆಯ ಇತಿಹಾಸ ಅಷ್ಟು ಸರಳವಾಗಿಲ್ಲ. ಇಲ್ಲಿ ಸಭೆ ಮೊದಲು ಹೊರಗಿನ ದುಡ್ಡಿನಿಂದ ನಿಂತಿತು. ಸ್ವಂತ ಕಾಣಿಕೆ ಅದನ್ನು ಅಲ್ಲಿಯ ಜನರದ್ದಾಗಿಸಿತು. ಹಳ್ಳಿ ಸಭೆಗಳ ಕಾಣಿಕೆ ಲೆಕ್ಕದ ಪುಸ್ತಕಗಳೇ ಈ ಚರಿತ್ರೆಯ ಮೂಲ ಆಕರ. ಗೆದ್ದಲಿಗೆ ತುತ್ತಾಗುವ ಮೊದಲು ಸಭಾಪಾಲಕರೂ ಹಿರಿಯರೂ ಅವನ್ನು ಕಾಪಿಡಬೇಕು.