ಟಿಪ್ಪುವಿನ ಗುಟ್ಟನ್ನು ಅಚ್ಚು ಹಾಕಿಸಿದ ಫ್ರೆಂಚ್ ಗವರ್ನರ್

ನಾಲ್ಕನೇ ಮೈಸೂರು ಯುದ್ಧ ಎಂದರೆ ನಮಗೆ ಶ್ರೀರಂಗಪಟ್ಟಣ, ಮೀರ್ ಸಾದಿಕ್, ಲಾರ್ಡ್ ವೆಲ್ಲೆಸ್ಲಿ ನೆನಪಾಗುತ್ತಾರೆ. ಆ ಯುದ್ಧಕ್ಕೆ ನೆಪ ಒದಗಿಸಿದ ಒಂದು ಮುದ್ರಿತ ಕಾಗದವಿದೆ. ಅದಕ್ಕೆ ಸಹಿ ಹಾಕಿದವನ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಅವನೇ ಕೌಂಟ್ ಮಾಲಾರ್ತಿಕ್, ಇಂದಿನ ಮಾರಿಷಸ್‌ನ ಫ್ರೆಂಚ್ ಗವರ್ನರ್. ಆಗ ಆ ದ್ವೀಪದ ಹೆಸರು ಐಲ್ ದ ಫ್ರಾನ್ಸ್.

ಮಾಲಾರ್ತಿಕ್ ಹುಟ್ಟಿದ್ದು 1730ರಲ್ಲಿ, ದಕ್ಷಿಣ ಫ್ರಾನ್ಸಿನ ಮೊಂತೊಬಾನ್‌ನಲ್ಲಿ. ಕುಲೀನ ಮನೆತನ, ಸೈನಿಕ ವೃತ್ತಿ. ಯೌವನದಲ್ಲಿ ಕೆನಡಾದಲ್ಲಿ ಇಂಗ್ಲಿಷರ ವಿರುದ್ಧ ಕಾದಾಡಿದ. ಆ ಯುದ್ಧದ ದಿನಚರಿಯನ್ನೂ ಬರೆದಿಟ್ಟ. 1792ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಗವರ್ನರ್ ಆಗಿ ಐಲ್ ದ ಫ್ರಾನ್ಸ್‌ಗೆ ಬಂದ. ಅವನನ್ನು ನೇಮಿಸಿದ ದೊರೆ ಹದಿನಾರನೇ ಲೂಯಿಯ ತಲೆ ಮರುವರ್ಷದ ಜನವರಿಯಲ್ಲೇ ಉರುಳಿತು. ಕುಲೀನರು ಪ್ರಾಣ ಉಳಿಸಿಕೊಳ್ಳಲು ದೇಶ ಬಿಟ್ಟು ಓಡುತ್ತಿದ್ದ ಕಾಲ ಅದು. ಮಾಲಾರ್ತಿಕ್ ಮಾತ್ರ ದೊರೆಯ ಕಾಲದಿಂದ ಗಣರಾಜ್ಯದ ಕಾಲಕ್ಕೆ ದಾಟಿ, ಸಾಯುವವರೆಗೂ ಅದೇ ಕುರ್ಚಿಯಲ್ಲಿ ಕುಳಿತ.

ಅದು ಹೇಗೆ ಸಾಧ್ಯವಾಯಿತು? ದ್ವೀಪದ ನಿಜವಾದ ಅಧಿಕಾರ ಇದ್ದದ್ದು ವಸಾಹತು ಸಭೆಯ ಕೈಯಲ್ಲಿ, ಅಂದರೆ ತೋಟದ ಮಾಲೀಕರ, ವ್ಯಾಪಾರಿಗಳ ಕೈಯಲ್ಲಿ. ಗವರ್ನರ್ ಅವರನ್ನು ಎದುರು ಹಾಕಿಕೊಳ್ಳಲಿಲ್ಲ. ದ್ವೀಪದ ಹತ್ತು ಜನರಲ್ಲಿ ಸುಮಾರು ಎಂಟು ಮಂದಿ ಗುಲಾಮರು. ಹೆಚ್ಚಿನವರನ್ನು ಮಡಗಾಸ್ಕರ್ ಮತ್ತು ಪೂರ್ವ ಆಫ್ರಿಕಾದಿಂದ ತಂದಿದ್ದರು, ಕೆಲವರನ್ನು ಭಾರತದಿಂದ. 1794ರ ಫೆಬ್ರವರಿ 4ರಂದು ಪ್ಯಾರಿಸ್ಸಿನ ಕ್ರಾಂತಿಕಾರಿ ಸಭೆ ಎಲ್ಲ ಫ್ರೆಂಚ್ ವಸಾಹತುಗಳಲ್ಲೂ ಗುಲಾಮಗಿರಿ ರದ್ದು ಎಂದು ಘೋಷಿಸಿತು. ದ್ವೀಪ ಅದನ್ನು ಜಾರಿಗೆ ತರಲಿಲ್ಲ. 1796ರ ಜೂನ್‌ನಲ್ಲಿ ಬಾಕೋ ಮತ್ತು ಬರ್ನೆಲ್ ಎಂಬ ಇಬ್ಬರು ಸರ್ಕಾರಿ ಪ್ರತಿನಿಧಿಗಳು ಕಾನೂನು ಜಾರಿಗೆಂದೇ ಬಂದಿಳಿದರು. ಕೆಲವೇ ದಿನಗಳಲ್ಲಿ ಮಾಲೀಕರು ಗಲಾಟೆಯೆಬ್ಬಿಸಿ, ಇಬ್ಬರನ್ನೂ ಫಿಲಿಪ್ಪೀನ್ಸ್ ಕಡೆಗೆ ಹೊರಟ ಹಡಗಿಗೆ ಹತ್ತಿಸಿ ಕಳಿಸಿಬಿಟ್ಟರು. ಸ್ವಾತಂತ್ರ್ಯ, ಸಮಾನತೆ ಎಂಬ ಮಾತುಗಳು ಸರ್ಕಾರಿ ಕಾಗದದ ತಲೆಯ ಮೇಲೆ ಇದ್ದವು. ಕಬ್ಬಿನ ಗದ್ದೆಗೆ ಇಳಿಯಲಿಲ್ಲ.

ಇಂಥ ದ್ವೀಪದಿಂದ ಟಿಪ್ಪು ಸಹಾಯ ಬಯಸಿದ್ದ. 1793ರಲ್ಲಿ ಪಾಂಡಿಚೇರಿ ಇಂಗ್ಲಿಷರ ವಶವಾದ ಮೇಲೆ ಫ್ರೆಂಚರಿಗೆ ಈ ಸಮುದ್ರದಲ್ಲಿ ಉಳಿದಿದ್ದ ಮುಖ್ಯ ನೆಲೆ ಅದೇ. 1797ರಲ್ಲಿ ಹಡಗು ಕೆಟ್ಟು ಮಂಗಳೂರು ಸೇರಿದ ರಿಪೋ ಎಂಬ ಫ್ರೆಂಚ್ ನಾವಿಕ, ಅಲ್ಲಿ ದೊಡ್ಡ ಸೈನ್ಯ ಸಿದ್ಧವಾಗಿದೆ ಎಂದು ಟಿಪ್ಪುವಿಗೆ ಆಸೆ ಹುಟ್ಟಿಸಿದ. ಟಿಪ್ಪು ಅವನ ಜೊತೆ ಗುಟ್ಟಾಗಿ ರಾಯಭಾರಿಗಳನ್ನು ಕಳಿಸಿದ. 1798ರ ಜನವರಿಯಲ್ಲಿ ಅವರು ಪೋರ್ಟ್ ಲೂಯಿ ಬಂದರಿನಲ್ಲಿ ಇಳಿದಾಗ ಅಲ್ಲಿ ಕಳಿಸಲು ಸೈನ್ಯವೇ ಇರಲಿಲ್ಲ. ಇದ್ದ ಪಡೆಗಳಲ್ಲೇ ಒಂದಿಷ್ಟನ್ನು ಮಿತ್ರರಾದ ಡಚ್ಚರ ನೆರವಿಗೆ ಕಳಿಸಿ ಆಗಿತ್ತು.

ಆಗ ಮಾಲಾರ್ತಿಕ್ ಮಾಡಿದ್ದು ಇಷ್ಟು: ಜನವರಿ 30ರಂದು ಬಹಿರಂಗ ಪ್ರಕಟಣೆ ಹೊರಡಿಸಿದ. ಟಿಪ್ಪು ಫ್ರೆಂಚರ ಜೊತೆ ಮೈತ್ರಿ ಬಯಸಿದ್ದಾನೆ, ಇಂಗ್ಲಿಷರನ್ನು ಭಾರತದಿಂದ ಓಡಿಸಲು ಫ್ರೆಂಚ್ ನೆರವಿಗಾಗಿ ಕಾಯುತ್ತಿದ್ದಾನೆ, ಸ್ವಯಂಸೇವಕರು ಹೆಸರು ಬರೆಸಿ, ಸಂಬಳ ಚೆನ್ನಾಗಿದೆ ಎಂಬುದು ಅದರ ಸಾರ. ಗುಟ್ಟಾಗಿ ಉಳಿಯಬೇಕಿದ್ದ ವಿಷಯ ಊರಿಗೆಲ್ಲ ಗೊತ್ತಾಯಿತು. ಬಂದ ಫಲವೇನು? ಏಪ್ರಿಲ್ ಕೊನೆಗೆ ಮಂಗಳೂರಿನಲ್ಲಿ ಇಳಿದವರು ನೂರರ ಆಸುಪಾಸಿನ ಮಂದಿ.

ಆ ಪ್ರಕಟಣೆ ಜೂನ್ ತಿಂಗಳಲ್ಲಿ ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಹೊಸದಾಗಿ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬೇಕಾದದ್ದು ಸಿಕ್ಕಿತು. ಫ್ರೆಂಚ್ ಪ್ರಭಾವವನ್ನು ಕಿತ್ತೊಗೆಯುವ ಲೆಕ್ಕಾಚಾರದಲ್ಲೇ ಅವನು ಭಾರತಕ್ಕೆ ಬಂದಿದ್ದ. ಬಂದ ನೂರು ಮಂದಿಯಿಂದ ಕಂಪನಿಗೆ ಅಪಾಯವೇನೂ ಇರಲಿಲ್ಲ. ಆದರೆ ಲಂಡನ್ನಿಗೆ ತೋರಿಸಲು ಲಿಖಿತ ಸಾಕ್ಷಿ ಕೈಯಲ್ಲಿತ್ತು. ಅದೇ ವರ್ಷ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದದ್ದು ಭಯಕ್ಕೆ ಇನ್ನಷ್ಟು ಬಲ ಕೊಟ್ಟಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹೋರಾಡುತ್ತ ಸತ್ತ.

ಮಾಲಾರ್ತಿಕ್ ಬೇಕೆಂದೇ ಗುಟ್ಟು ಬಿಟ್ಟುಕೊಟ್ಟನೇ? ಹಾಗೆ ಹೇಳಲು ಆಧಾರವಿಲ್ಲ. ಸೈನ್ಯವಿಲ್ಲದ ಗವರ್ನರ್‌ಗೆ ಜನ ಸೇರಿಸಲು ಇದ್ದ ದಾರಿ ಬಹಿರಂಗ ಕರೆಯೇ. ಆದರೆ ಬೆಲೆ ತೆರುವವರು ಯಾರು ಎಂದು ಅವನು ಯೋಚಿಸಿದಂತೆ ಕಾಣುವುದಿಲ್ಲ. ಸುತ್ತ ಸಮುದ್ರವಿದ್ದ ದ್ವೀಪಕ್ಕೆ ಆ ಕಾಗದದಿಂದ ತಕ್ಷಣ ಏನೂ ಆಗಲಿಲ್ಲ. ಕಂಪನಿಯ ಸೈನ್ಯ ನಡೆದು ಬರಬಹುದಾದ ದೂರದಲ್ಲಿ ಇದ್ದದ್ದು ಮೈಸೂರು.

1800ರ ಜುಲೈನಲ್ಲಿ ಮಾಲಾರ್ತಿಕ್ ತೀರಿಕೊಂಡ. ಬಂದರಿನ ಹೊರಗೆ ಕಾವಲಿದ್ದ ಇಂಗ್ಲಿಷ್ ಹಡಗುಗಳೂ ಅವನಿಗೆ ಗೌರವ ಸಲ್ಲಿಸಿದವಂತೆ. ಪೋರ್ಟ್ ಲೂಯಿಯ ಷಾಂ ದ ಮಾರ್ಸ್ ಮೈದಾನದಲ್ಲಿ ಅವನ ಸ್ಮಾರಕವಿದೆ. ಅವನ ಸರ್ಕಾರ ತಡೆಹಿಡಿದ ಬಿಡುಗಡೆ ದ್ವೀಪದ ಗುಲಾಮರಿಗೆ ಸಿಕ್ಕಿದ್ದು 1835ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿ. 1794ರ ಕಾನೂನಿನಿಂದ ಲೆಕ್ಕ ಹಾಕಿದರೆ ನಲವತ್ತೊಂದು ವರ್ಷ ತಡವಾಗಿ.