ಟ್ರೋಫಿಮೋವ್ಸ್ಕ್

ಸೋವಿಯತ್ ಒಕ್ಕೂಟದ ಯಾಕುತಿಯದಲ್ಲಿ, ಲೇನಾ ನದಿಯು ಲ್ಯಾಪ್ಟೆವ್ ಸಮುದ್ರವನ್ನು ಸೇರುವ ಮುಖಜಭೂಮಿಯ ಮೇಲೆ, ಗಡೀಪಾರಾದ ಕುಟುಂಬಗಳ ಬಲವಂತದ ದುಡಿಮೆಯಿಂದ 1942ರಲ್ಲಿ ತಲೆಯೆತ್ತಿದ ಮೀನುಗಾರಿಕೆಯ ವಸತಿ. 1941ರ ಜೂನ್ 14ರಂದು ಲಿಥುವೇನಿಯದಲ್ಲಿ ಆರಂಭವಾದ ಸಾಮೂಹಿಕ ಉಚ್ಚಾಟನೆಯಲ್ಲಿ ಸುಮಾರು 17,000 ಜನರನ್ನು ಒಯ್ಯಲಾಗಿ, ಗಂಡಸರಲ್ಲಿ ಬಹುಮಂದಿಯನ್ನು ಬೇರ್ಪಡಿಸಿ ಶ್ರಮಶಿಬಿರಗಳಿಗೆ ಅಟ್ಟಿದುದರಿಂದ, ಅಲ್ಟಾಯ್ ಪ್ರದೇಶವನ್ನು ಹಾದು ಇಲ್ಲಿಗೆ ಬಂದವರಲ್ಲಿ ಸ್ತ್ರೀಯರೂ ಮಕ್ಕಳೂ ವೃದ್ಧರೂ ಅಧಿಕವಾಗಿದ್ದರು. ಲೆನಿನ್‌ಗ್ರಾಡ್ ಪ್ರಾಂತದ ಫಿನ್ನರೂ ಇವರೊಡನಿದ್ದರು.

ಹಲಗೆ, ಇಟ್ಟಿಗೆ, ಪಾಚಿಗಳಿಂದ ತಮ್ಮ ಬಿಡಾರಗಳನ್ನು ತಾವೇ ಕಟ್ಟಿಕೊಂಡ ಈ ಜನ, ಸೂರ್ಯೋದಯವೇ ಇಲ್ಲದ ಧ್ರುವರಾತ್ರಿಯಲ್ಲಿ ಹಗ್ಗವನ್ನು ಹೆಗಲಿಗೆ ಬಿಗಿದು, ಹಿಮಗಟ್ಟಿದ ನದಿಯಿಂದ ಮರದ ದಿಮ್ಮಿಗಳನ್ನು ಎಳೆಯುತ್ತಿದ್ದರು. ತಾವೇ ಸಂಸ್ಕರಿಸಿದ ಮೀನು ಅವರಿಗೆ ನಿಷಿದ್ಧವಾಗಿತ್ತು. 1942–43ರ ಚಳಿಗಾಲದಲ್ಲಿ ಹಸಿವು, ಸ್ಕರ್ವಿ, ಶೀತಗಳಿಂದ ಅನೇಕರು ಮಡಿದರು.

ಇಂತಹ ಸ್ಥಿತಿಯಲ್ಲಿ ಪರಸ್ಪರಾಶ್ರಯವೇ ಜೀವನಾಧಾರವಾಯಿತೆಂಬುದು ನಿಸ್ಸಂಶಯ: ರೋಗಿಗಳಾದ ತಾಯಂದಿರ ಒಲೆಗಾಗಿ ಮಕ್ಕಳು ಹಲಗೆಗಳನ್ನು ಕದ್ದು ತರುತ್ತಿದ್ದರು, ಅದಕ್ಕಾಗಿ ವಿಚಾರಣೆಗೂ ಗುರಿಯಾದರು. 1943ರಲ್ಲಿ ಆಗಮಿಸಿದ ವೈದ್ಯ ಲಾಜರ್ ಸಮೋದುರೋವ್ ಹಸಿ ಮೀನನ್ನೂ ಮೊಳೆಸಿದ ಬಟಾಣಿಯನ್ನೂ ಕೊಡಿಸಿ ಉಳಿದವರಲ್ಲಿ ಹಲವರ ಪ್ರಾಣವನ್ನು ರಕ್ಷಿಸಿದನು, ಸ್ಮರಣೀಯವಾದ ಕಾರ್ಯವಿದು.

ಈ ವಸತಿಯ ಮುಖ್ಯ ಸಾಕ್ಷ್ಯವು ಹದಿನಾಲ್ಕರ ವಯಸ್ಸಿನಲ್ಲಿ ತಾಯಿ ಮತ್ತು ಅಣ್ಣನೊಡನೆ ಗಡೀಪಾರಾದ ಡಾಲ್ಯ ಗ್ರಿಂಕೆವಿಚ್ಯೂಟೆಯ (1927–1987) ಸ್ಮೃತಿಗಳಲ್ಲಿದೆ. 1949ರಲ್ಲಿ ಮರಣೋನ್ಮುಖಳಾದ ತಾಯಿಯನ್ನು ಸ್ವದೇಶದಲ್ಲಿ ಸಾಯಬೇಕೆಂಬ ಆಕೆಯ ಆಸೆಯಂತೆ ಗುಟ್ಟಾಗಿ ಕರೆತಂದ ಡಾಲ್ಯ, ಲಿಥುವೇನಿಯದ ಕೌನಸ್ ನಗರದ ಮನೆಯ ತೋಟದಲ್ಲಿ ಗಾಜಿನ ಜಾಡಿಯೊಳಗೆ ಹೂತಿಟ್ಟ ಹಸ್ತಪ್ರತಿಯು 1991ರಲ್ಲಿ ದೊರೆಯಿತು.